ಸ್ನೊಹೋಮಿಶ್ ಪಿಯುಡಿ ಬಿಲ್ ಹೆಚ್ಚಾದರೆ ಯಾರನ್ನು ಕೇಳಬೇಕು?

ಮೇಡಂ, ಬಾತೆಲ್‌ಗೆ ಮನೆ ಬದಲಿಸಿದ ಮೇಲೆ ಹಸಿರುಮನೆಯ ಕರೆಂಟ್ ಬಿಲ್ ಜಾಸ್ತಿ ಆಗಿದೆ, ವಾಷಿಂಗ್ಟನ್ ರಾಜ್ಯದ ಯುಟಿಸಿಗೆ (ಖಾಸಗಿ ವಿದ್ಯುತ್ ಕಂಪನಿಗಳ ದರ ನೋಡಿಕೊಳ್ಳುವ ಆಯೋಗ) ದೂರು ಕೊಟ್ಟರೆ "ನಮಗೆ ಸಂಬಂಧವಿಲ್ಲ" ಅಂದರು ಎಂದು ಬರೆದಿದ್ದೀರಿ. ಅವರು ಹೇಳಿದ್ದು ಸರಿಯೇ. ಮುಂಚೆ ನೀವಿದ್ದ ರೆಡ್ಮಂಡ್‌ನಲ್ಲಿ ನಿಮಗೆ ಕರೆಂಟ್ ಕೊಡುತ್ತಿದ್ದದ್ದು ಪ್ಯೂಜೆಟ್ ಸೌಂಡ್ ಎನರ್ಜಿ. ಅದು ಖಾಸಗಿ ಕಂಪನಿ, ಅದರ ದರಕ್ಕೆ ಯುಟಿಸಿ ಒಪ್ಪಿಗೆ ಬೇಕು. ಈಗ ನೀವಿರುವುದು ಬಾತೆಲ್‌ನ ಉತ್ತರ ಭಾಗ, ಅಂದರೆ ಸ್ನೊಹೋಮಿಶ್ ಕೌಂಟಿ. ಅಲ್ಲಿ ಕರೆಂಟ್ ಕೊಡುವುದು ಪಿಯುಡಿ, ಅಂದರೆ ಪಬ್ಲಿಕ್ ಯುಟಿಲಿಟಿ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ವಿದ್ಯುತ್ ಸಂಸ್ಥೆ. ದರ ನಿರ್ಧರಿಸುವವರು ಅಲ್ಲಿನ ಮತದಾರರು ಆರಿಸಿದ ಮೂವರು ಕಮಿಷನರ್‌ಗಳು. ಅವಧಿ 6 ವರ್ಷ, ಪಕ್ಷದ ಹೆಸರಿಲ್ಲದ ಚುನಾವಣೆ.

ಇದರ ಹಿಂದೆ ರೈತರಿದ್ದಾರೆ. ಹೊಲಮನೆಗಳಿಗೆ ಲೈನ್ ಎಳೆಯಲು ಖಾಸಗಿ ಕಂಪನಿಗಳು ಮನಸ್ಸು ಮಾಡಲಿಲ್ಲ. ಆಗ ಗ್ರೇಂಜ್ ಎಂಬ ರೈತ ಸಂಘಟನೆ ಮುಂದೆ ನಿಂತು, 1930ರಲ್ಲಿ ವಾಷಿಂಗ್ಟನ್ ರಾಜ್ಯದ ಜನರ ಮತದಿಂದಲೇ ಪಿಯುಡಿ ಕಾನೂನು ತಂದಿತು. ಊರಿನ ಕರೆಂಟು ಊರಿನವರ ಕೈಯಲ್ಲಿರಲಿ ಎಂಬುದೇ ಅದರ ಉದ್ದೇಶ. ಅದನ್ನು ನಾನು ತುಂಬ ಗೌರವಿಸುತ್ತೇನೆ.

ಹಾಗಂತ ರಾಜ್ಯ ಪೂರ್ತಿ ಕೈಬಿಟ್ಟಿಲ್ಲ. ಲೆಕ್ಕಪತ್ರವನ್ನು ಸ್ಟೇಟ್ ಆಡಿಟರ್ ಪರಿಶೀಲಿಸುತ್ತಾರೆ. 2045ರೊಳಗೆ ಶುದ್ಧ ವಿದ್ಯುತ್ ಎಂಬ 2019ರ ಕಾನೂನು ಪಿಯುಡಿಗಳಿಗೂ ಅನ್ವಯ. ಸಭೆಗಳು ಬಹಿರಂಗವಾಗಿಯೇ ನಡೆಯಬೇಕು, ಮಾಮೂಲಿ ಸಭೆಯ ಅಜೆಂಡಾ 24 ಗಂಟೆ ಮುಂಚೆ ವೆಬ್‌ಸೈಟ್‌ನಲ್ಲಿರಬೇಕು. ಅಂತಿಮ ನಿರ್ಧಾರ ತೆಗೆದುಕೊಳ್ಳುವ ಸಭೆಯಲ್ಲಿ ಅಥವಾ ಅದಕ್ಕೂ ಮುಂಚೆ ಸಾರ್ವಜನಿಕರ ಮಾತು ಕೇಳಲೇಬೇಕು ಎಂಬ ನಿಯಮ 2022ರಲ್ಲಿ ಬಂತು.

ಮೊದಲು ಬಿಲ್ ಬಿಡಿಸಿ ನೋಡಿ. ಬೇಸ್ ಚಾರ್ಜ್ ಎಷ್ಟು, ಯೂನಿಟ್ ಎಷ್ಟು? 1,500 ವಾಟ್‌ನ ಹೀಟರ್ ರಾತ್ರಿ 10 ಗಂಟೆ ಬಿಡದೆ ಉರಿದರೆ 15 ಯೂನಿಟ್, ತಿಂಗಳಿಗೆ 450. ಕರಿಬೇವು, ಮಲ್ಲಿಗೆಗಾಗಿ ಇಡೀ ಹಸಿರುಮನೆ ಕಾಯಿಸುವ ಬದಲು ಕುಂಡಗಳನ್ನು ಒಳಗೆ ತಂದರೆ ಅರ್ಧ ತಲೆನೋವು ಕಡಿಮೆ. ಯೂನಿಟ್ ಅಷ್ಟೇ ಇದ್ದು ದರ ಏರಿದ್ದರೆ ಮಾತ್ರ ಕಮಿಷನರ್‌ಗಳಿಗೆ ಬರೆಯಿರಿ. "ದರ ಜಾಸ್ತಿ" ಅಂತಷ್ಟೇ ಬರೆದರೆ ಪ್ರಯೋಜನ ಕಮ್ಮಿ. ಪಿಯುಡಿಯ ಕರೆಂಟಿನ ದೊಡ್ಡ ಪಾಲು ಬರುವುದು ಬಾನೆವಿಲ್‌ನಿಂದ, ಅದು ಸಗಟು ವಿದ್ಯುತ್ ಮಾರುವ ಫೆಡರಲ್ ಸಂಸ್ಥೆ. ಏರಿಕೆಯಲ್ಲಿ ಅದರ ಪಾಲೆಷ್ಟು, ಇವರದೇ ಖರ್ಚೆಷ್ಟು ಎಂದು ಕೇಳಿ. ದಾಖಲೆ ಬೇಕಾದರೆ ಪಬ್ಲಿಕ್ ರೆಕಾರ್ಡ್ಸ್ ಅರ್ಜಿ ಹಾಕಿ, 5 ಕೆಲಸದ ದಿನಗಳೊಳಗೆ ಮೊದಲ ಉತ್ತರ ಕೊಡಲೇಬೇಕು.

ನಾವು ಎಚ್‌1ಬಿಯವರು, ವೋಟಿಲ್ಲ ಎಂದು ಹಿಂಜರಿಯಬೇಡಿ. ವೋಟಿಗೆ ಪೌರತ್ವ ಬೇಕು, ಸಭೆಗೆ ಹೋಗಿ ಮಾತಾಡಲು ಬೇಡ.