ಡಬ್ಬಿ ತುಂಬಿ ಆಯ್ತು, ಯಾರಿಗೆ ಕೊಡೋಣ?

ಪ್ರಶ್ನೆ: ಅಕ್ಕಾ, ನನ್ನ ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಅಲ್ಲಿ ನವೆಂಬರ್ ಬಂತೆಂದರೆ ಮಕ್ಕಳೆಲ್ಲ ಖಾಲಿ ಶೂ ಡಬ್ಬಿಗೆ ಆಟದ ಸಾಮಾನು, ಪೆನ್ಸಿಲ್, ಸೋಪು ತುಂಬಿ ‘ಆಪರೇಷನ್ ಕ್ರಿಸ್‌ಮಸ್ ಚೈಲ್ಡ್’ ಅನ್ನೋ ಯೋಜನೆಗೆ ಕೊಡುತ್ತಾರೆ. ಅದು ಬೇರೆ ದೇಶದ ಬಡಮಕ್ಕಳಿಗೆ ಹೋಗುತ್ತದಂತೆ. ಹೋದ ವರ್ಷ ಮೊಮ್ಮಗಳ ಜೊತೆ ನಾನೂ ಕೂತು ತುಂಬಿ ಬಂದೆ. ಈ ಸಲ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಸೇರಿ ಇಲ್ಲೇ ಮಾಡೋಣ ಅಂತ ಹೊರಟೆವು. ನಮ್ಮಲ್ಲಿ ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದೇವೆ. 40 ಡಬ್ಬಿ ತಯಾರಾಗಿವೆ. ಈಗ ಮೂರು ಕಡೆಯವರು ನಮಗೇ ಕೊಡಿ ಅಂತ ಕೇಳುತ್ತಿದ್ದಾರೆ. ಒಬ್ಬರು ಡಬ್ಬಿಗೆ 300 ರೂಪಾಯಿ ಸಾಗಣೆ ಖರ್ಚು ಸೇರಿಸಿ ಕೊಡಿ ಅಂತಾರೆ. ಇನ್ನೊಬ್ಬರು ಒಳಗೆ ಒಂದು ಚಿಕ್ಕ ಧರ್ಮದ ಪುಸ್ತಕ ಇಡ್ತೀವಿ ಅಂತಾರೆ. ಮೂರನೆಯವರು ಸಮಾರಂಭ ಮಾಡಿ, ಮಕ್ಕಳ ಜೊತೆ ನಿಮ್ಮ ಫೋಟೊ ತೆಗೆಸಿ ಪೇಪರಿಗೆ ಹಾಕಿಸ್ತೀವಿ ಅಂತಾರೆ. ಯಾರಿಗೆ ಕೊಟ್ಟರೆ ಒಳ್ಳೇದು?
– ಎಸ್. ಎಂ., ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮೂವರಲ್ಲಿ ಯಾರಿಗೂ ಇನ್ನೂ ಹೂಂ ಅಂದಿಲ್ಲ ತಾನೇ? ಒಳ್ಳೇದಾಯ್ತು. ಮೂವರಿಗೂ ಒಂದೊಂದು ಫೋನ್ ಮಾಡಿ, “ನಿಮ್ಮಲ್ಲಿ ಏನು ಬೇಡ?” ಅಂತ ಕೇಳಿ. ಏನು ಬೇಕು ಅಂತ ಎಲ್ಲರೂ ಕೇಳುತ್ತಾರೆ, ನೀವು ಬೇಡದ್ದನ್ನು ಕೇಳಿ. ದಿನಾ ಮಕ್ಕಳನ್ನು ನೋಡಿಕೊಳ್ಳುವವರಿಗೆ ಈ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. “ಚಾಕೊಲೇಟ್ ಬೇಡ ಮೇಡಂ, ಟ್ರಂಕಿಗೆಲ್ಲ ಇರುವೆ ಹತ್ತುತ್ತವೆ. ಟೆಡ್ಡಿ ಬೇಡ, ಮೂಟೆಗಟ್ಟಲೆ ಬಿದ್ದಿವೆ. ದೊಡ್ಡ ಹುಡುಗಿಯರಿಗೆ ಒಳಉಡುಪು ಕೊಡೋ ಹಾಗಿದ್ರೆ ಅಳತೆ ಕಳಿಸ್ತೀನಿ” ಅಂತಾರೆ. “ಏನಾದ್ರೂ ಕೊಡಿ ಮೇಡಂ, ಎಲ್ಲಾ ನಡೆಯುತ್ತೆ” ಅಂದವರ ಮೇಲೆ ನನಗೆ ಅನುಮಾನ. ಅವರ ಲೆಕ್ಕದಲ್ಲಿ ಡಬ್ಬಿ ಇದೆ, ಮಕ್ಕಳು ಇದ್ದಾರೋ ಇಲ್ಲವೋ.

ನಿಮ್ಮ ಮೊಮ್ಮಗಳ ಡಬ್ಬಿಯ ವಿಷಯ ಸ್ವಲ್ಪ ತಿಳಿದಿರಲಿ, ಇಲ್ಲಿಯದಕ್ಕೂ ಉಪಯೋಗ ಆಗುತ್ತೆ. ಈ ಕೆಲಸ ಶುರುವಾಗಿದ್ದು 1990ರಲ್ಲಿ, ಬ್ರಿಟನ್ನಿನ ವೇಲ್ಸ್‌ನಲ್ಲಿ. ರೊಮೇನಿಯಾದ ಅನಾಥಾಶ್ರಮಗಳ ಮಕ್ಕಳ ಪಾಡು ಟಿ.ವಿ.ಯಲ್ಲಿ ಕಾಣುತ್ತಿದ್ದ ಕಾಲ ಅದು. 1993ರಲ್ಲಿ ಅಮೆರಿಕದ ‘ಸಮಾರಿಟನ್ಸ್ ಪರ್ಸ್’ ಅನ್ನೋ ಕ್ರೈಸ್ತ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಪ್ರಚಾರಕ ಬಿಲ್ಲಿ ಗ್ರಹಾಂ ಅವರ ಮಗ ಫ್ರಾಂಕ್ಲಿನ್ ಗ್ರಹಾಂ ಅದರ ಮುಖ್ಯಸ್ಥರು. ಅವರ ಅಚ್ಚುಕಟ್ಟುತನ ಮೆಚ್ಚಬೇಕು. ಗಂಡೋ ಹೆಣ್ಣೋ, ವಯಸ್ಸು 2ರಿಂದ 4, 5ರಿಂದ 9, 10ರಿಂದ 14, ಇದರಲ್ಲಿ ಯಾವುದು ಅಂತ ಡಬ್ಬಿಯ ಮೇಲೆ ಚೀಟಿ ಹಚ್ಚಬೇಕು. ಮಿಠಾಯಿ, ಟೂತ್‌ಪೇಸ್ಟ್, ಸೋರುವ ವಸ್ತು, ಬಳಸಿದ ಸಾಮಾನು, ಆಟದ ಬಂದೂಕು ಯಾವುದೂ ಕೂಡದು. ಸಾಗಣೆಗೆ ಅಂತ ಡಬ್ಬಿಗೆ 10 ಡಾಲರ್ ಕೇಳುತ್ತಾರೆ, ಯಾಕೆ ಅಂತಲೂ ಹೇಳುತ್ತಾರೆ. ಡಬ್ಬಿಗಳು ಊರೂರಿನ ಚರ್ಚ್‌ಗಳ ಮೂಲಕ ಮಕ್ಕಳ ಕೈಗೆ ಹೋಗುತ್ತವೆ. ಜೊತೆಗೆ ಬೈಬಲ್ಲಿನ ಕಥೆಯ ಪುಸ್ತಕ, ಆಮೇಲೆ ಬೇಕಾದವರಿಗೆ 12 ಪಾಠದ ತರಗತಿ. ಉಡುಗೊರೆಗೂ ಮತಪ್ರಚಾರಕ್ಕೂ ಗಂಟು ಹಾಕಬಾರದು ಅಂತ ಆ ದೇಶಗಳಲ್ಲೇ ತಕರಾರು ಮಾಡುವವರು ಬಹಳ ಜನ. ಆದರೆ ಸಂಸ್ಥೆ ತನ್ನ ಉದ್ದೇಶವನ್ನು ಮುಚ್ಚಿಟ್ಟಿಲ್ಲ. ಒಪ್ಪಿದವರು ಕೊಡುತ್ತಾರೆ, ಒಪ್ಪದವರು ಬೇರೆ ದಾರಿ ನೋಡುತ್ತಾರೆ.

ಹಾಗಾಗಿ ನಿಮ್ಮ ಪುಸ್ತಕದವರನ್ನು ನಾನು ಬೈಯುವುದಿಲ್ಲ, ಮೊದಲೇ ಹೇಳಿದ್ದಾರಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಎಲ್ಲ ಮನೆಯವರೂ ದುಡ್ಡು ಹಾಕಿದ್ದೀರಿ. ಎಲ್ಲರನ್ನೂ ಕೂರಿಸಿ ಕೇಳಿ. ಒಬ್ಬರಿಗೆ ಇಷ್ಟ ಇಲ್ಲದಿದ್ದರೂ ಪುಸ್ತಕ ಬೇಡ. ನನ್ನನ್ನು ಕೇಳಿದರೆ, ಯಾವ ಧರ್ಮದ್ದೇ ಆಗಲಿ, ವಚನವೇ ಆಗಲಿ, ಉಡುಗೊರೆ ಡಬ್ಬಿಯೊಳಗೆ ಇಡಬಾರದು. ದೊಡ್ಡವರಾದರೆ ಬೇಡ ಅಂದಾರು. ಆಶ್ರಮದ ಮಗು ಬೇಡ ಅನ್ನೋದಾದರೂ ಹೇಗೆ?

300 ರೂಪಾಯಿಯವರ ಲೆಕ್ಕ ನನಗೆ ಹಿಡಿಸಲಿಲ್ಲ. ಡಲ್ಲಾಸ್‌ನಿಂದ ಸಮುದ್ರ ದಾಟಿ ಹೋಗುವ ಡಬ್ಬಿಗೆ ಸಾಗಣೆ ಖರ್ಚು ನ್ಯಾಯ. ನಿಮ್ಮವು 40 ಡಬ್ಬಿಗೆ 12,000 ರೂಪಾಯಿ ಆಯ್ತು. ದಾವಣಗೆರೆಯೊಳಗೆ ಒಂದು ಲಗೇಜ್ ಆಟೋ ಸಾಕಲ್ವಾ? ಎಲ್ಲಿಗೆ ಹೋಗುತ್ತೆ, ಯಾವ ಗಾಡಿಯಲ್ಲಿ, ರಸೀದಿ ಯಾರ ಹೆಸರಲ್ಲಿ ಅಂತ ಕೇಳಿ. “80ಜಿ ಇದೆ, ತೆರಿಗೆ ಉಳಿಯುತ್ತೆ” ಅಂತ ಸಮಾಧಾನ ಹೇಳಬಹುದು. ಆ ರಿಯಾಯಿತಿ ಹಣಕ್ಕೆ ಮಾತ್ರ, ಸಾಮಾನಿಗೆ ಇಲ್ಲ. ಹಣದಲ್ಲೂ 2,000 ರೂಪಾಯಿ ಮೇಲಿನದನ್ನು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಚೆಕ್ಕೋ ಆನ್‌ಲೈನೋ ಆಗಬೇಕು.

ಫೋಟೊದವರಿಗಂತೂ ಸೀದಾ ಬೇಡ ಅನ್ನಿ. ಮಕ್ಕಳ ಪಾಲನಾ ಸಂಸ್ಥೆಯಲ್ಲಿರುವ ಮಗುವಿನ ಹೆಸರು, ಮುಖ, ಶಾಲೆ ಗುರುತಾಗುವಂತೆ ಪೇಪರಿನಲ್ಲೋ ಬೇರೆಲ್ಲೋ ಹಾಕುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅಡ್ಡಿ ಇದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದು ಗೊತ್ತಿಲ್ಲದೆ ಫೋಟೊ ಆಸೆ ತೋರಿಸುವ ಸಂಸ್ಥೆಗೆ ಮಕ್ಕಳ ಕೆಲಸವೇ ಗೊತ್ತಿಲ್ಲ. ಗೊತ್ತಿದ್ದೂ ಹೇಳಿದ್ದರೆ ಇನ್ನೂ ಕೆಟ್ಟದ್ದು.

ಹಾಗಾದರೆ ಯಾರಿಗೆ? ನಾನಾಗಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಜಿಲ್ಲೆಯಲ್ಲಿ ನೋಂದಣಿಯಾದ ಮಕ್ಕಳ ಮನೆಗಳು ಯಾವುವು ಅಂತ ವಿಚಾರಿಸುತ್ತಿದ್ದೆ. ಸರ್ಕಾರದ ಬಾಲಮಂದಿರವೂ ಆಗುತ್ತೆ, ಖಾಸಗಿ ಆಶ್ರಮವೂ ಆಗುತ್ತೆ. ಅನಾಥ, ನಿರಾಶ್ರಿತ ಮಕ್ಕಳನ್ನು ಇಟ್ಟುಕೊಂಡ ಯಾವ ಮನೆಯಾದರೂ ಅದೇ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿರಲೇಬೇಕು. ನೋಂದಣಿ ಐದು ವರ್ಷದ್ದು. ಪತ್ರ ತೋರಿಸಿ ಅಂದರೆ ತೋರಿಸಬೇಕು, ತಾರೀಖು ನೋಡಿ. ಸಂಕೋಚ ಬೇಡ. ಮನೆ ಬಾಡಿಗೆಗೆ ಕೊಡುವಾಗ ಆಧಾರ್ ಕೇಳ್ತೀವಿ, ಇಲ್ಲೇಕೆ ನಾಚಿಕೆ?

ಇನ್ನು ತುಂಬಿದ ಆ 40 ಡಬ್ಬಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲವನ್ನೂ ಬಿಚ್ಚಿ ಹಾಲ್‌ನಲ್ಲಿ ಒಂದು ಜಮಖಾನದ ಮೇಲೆ ಸುರಿಯಿರಿ. ಚಿತ್ರದುರ್ಗ ಜಿಲ್ಲೆಯ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಆಗಿದ್ದವಳು ನಾನು. ಡಬ್ಬಿ ಹಂಚಿದ ಮೇಲೆ ಏನಾಗುತ್ತೆ ಅಂತ ನೋಡಿದ್ದೇನೆ. ಒಂದು ಸಲ ಯಾರೋ ಪುಣ್ಯಾತ್ಮರು ಬಣ್ಣದ ಕಾಗದ ಸುತ್ತಿದ ಡಬ್ಬಿ ತಂದರು. ಒಬ್ಬಳ ಡಬ್ಬಿಯಲ್ಲಿ ಕೂದಲು ಬಾಚುವ ಗೊಂಬೆ, ಅದಕ್ಕೊಂದು ಕನ್ನಡಿ. ಪಕ್ಕದವಳದ್ದರಲ್ಲಿ ಎರಡು ರಬ್ಬರ್, ಒಂದು ಸ್ಕೇಲು. ಸ್ಕೇಲಿನವಳು ಅಳಲಿಲ್ಲ. ಡಬ್ಬಿ ಮುಚ್ಚಿ ಮಂಚದ ಕೆಳಗೆ ತಳ್ಳಿ ಊಟಕ್ಕೆ ಬಂದಳು. ಗೊಂಬೆಯವಳೂ ಆ ರಾತ್ರಿ ಗೊಂಬೆ ಹೊರಗೆ ತೆಗೆಯಲಿಲ್ಲ. ಅಮೇಲೆ ಆ ಗೊಂಬೆಯ ಕೈ ಮುರಿದದ್ದು ಯಾರು ಅಂತ ನಾನು ವಿಚಾರಣೆಗೆ ಹೋಗಲಿಲ್ಲ ಬಿಡಿ.

ಅದೇ ಡಬ್ಬಿಗಳಲ್ಲಿ ಎಲ್ಲರಿಗೂ ಸಮನಾಗಿ ಬಂದಿದ್ದು ಒಂದೇ, ಗಂಧದ ಸೋಪು. ಮೊಳಕಾಲ್ಮೂರು ಕಡೆಯ ಒಬ್ಬ ಹುಡುಗಿ ಅದನ್ನು ಬಳಸಲೇ ಇಲ್ಲ. ಕಾಗದ ಬಿಚ್ಚದೆ ಟ್ರಂಕಿನಲ್ಲಿ ಲಂಗ ದಾವಣಿಯ ಮಡಿಕೆಯಲ್ಲಿ ಇಟ್ಟಿದ್ದಳು. ಟ್ರಂಕು ತೆರೆದಾಗಲೆಲ್ಲ ರೂಮಿನವರು ಮೂಸಿ ನೋಡಲು ಬರುತ್ತಿದ್ದರು. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅಮ್ಮನಿಗೆ ಅಂತ ತೆಗೆದುಕೊಂಡು ಹೋದಳು. ನಿಮ್ಮ ಡಬ್ಬಿಯಲ್ಲಿ ಮಗು ಮನೆಗೆ ಒಯ್ಯಬಹುದಾದ್ದು ಒಂದಾದರೂ ಇರಲಿ.

ಉಳಿದದ್ದು ಸುಲಭ. ಪ್ರತಿ ಡಬ್ಬಿಗೂ ಒಂದೇ ಪಟ್ಟಿ ಮಾಡಿ: ಟವೆಲ್, ಬಾಚಣಿಗೆ, ಹೇನಿನ ಬಾಚಣಿಗೆ ಬೇರೆ, ನೇಲ್ ಕಟರ್, ಕಂಪಾಸ್ ಬಾಕ್ಸ್, ಎರಡು ಪೆನ್ನು, ಒಂದು ಆಟದ ಸಾಮಾನು. ದೊಡ್ಡ ಹುಡುಗಿಯರಿಗೆ ಪ್ಯಾಡ್, ಪೇಪರಿನಲ್ಲಿ ಸುತ್ತಿ. ಕೊಬ್ಬರಿ ಎಣ್ಣೆ ಬಾಟಲಿ ಡಬ್ಬಿಯೊಳಗೆ ಬೇಡ, ಸೋರಿ ಪುಸ್ತಕ ಎಲ್ಲ ಹಾಳಾಗುತ್ತೆ. ಎಣ್ಣೆಯನ್ನು ಡಬ್ಬದಲ್ಲಿ ಅಡುಗೆಯವರ ಕೈಗೆ ಕೊಡಿ. ಚಪ್ಪಲಿ ಕೊಡೋ ಆಸೆ ಇದ್ದರೆ ವಾರ್ಡನ್ನಿಗೆ ಹೇಳಿ ಹಳೇ ಪೇಪರಿನ ಮೇಲೆ ಮಕ್ಕಳ ಪಾದ ಗೀಚಿಸಿ ತರಿಸಿಕೊಳ್ಳಿ. ಆ ಪೇಪರ್ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು, ನಂಬರ್ ನಂಬಬೇಡಿ. ಚಳಿಗೆ ಕಂಬಳಿ ಶೂ ಡಬ್ಬಿಯಲ್ಲಿ ಹಿಡಿಯಲ್ಲ. ಆದರೂ ಗುಂಪಿನ ದುಡ್ಡು ಉಳಿದಿದ್ದರೆ ಅದಕ್ಕೇ ಹಾಕಿ. ಚಳ್ಳಕೆರೆ ಕಂಬಳಿ ಇಲ್ಲೇ ಪಕ್ಕದಲ್ಲಿದೆ.

ಕೊನೇದಾಗಿ ದಿನದ ಬಗ್ಗೆ. ಡಿಸೆಂಬರ್ 25ಕ್ಕೇ ಕೊಡಬೇಕು ಅನ್ನೋ ಹಟ ಬೇಡ. ಆವತ್ತು ಬೆಳಿಗ್ಗೆಯಿಂದ ಒಂದರ ಹಿಂದೆ ಒಂದು ಗುಂಪು ಕೇಕ್ ಹಿಡಿದುಕೊಂಡು ಬರುತ್ತೆ. ಸಂಜೆಗೆ ಮಕ್ಕಳ ಹೊಟ್ಟೆ ಕೆಟ್ಟಿರುತ್ತೆ. ಅದೇ ಜೂನ್‌ನಲ್ಲಿ ಶಾಲೆ ಶುರುವಾದಾಗ ಬಾಗಿಲ ಹತ್ತಿರ ಯಾರೂ ಇರಲ್ಲ. ಡಬ್ಬಿಗಳನ್ನು ಅರ್ಧ ಈಗ, ಅರ್ಧ ಜೂನ್‌ಗೆ ಅಂತ ಮಾಡೋಕೆ ನಿಮ್ಮ ಗುಂಪು ಒಪ್ಪಿದರೆ ಬಹಳ ಒಳ್ಳೇದು. ಒಂದೇ ಮನೆಯ ಮಕ್ಕಳಲ್ಲಿ ಅರ್ಧ ಜನಕ್ಕೆ ಮಾತ್ರ ಕೊಟ್ಟು ಬರಬೇಡಿ, ಅಷ್ಟೇ.

ಪ್ರಶ್ನೆ: ನಮ್ಮ ಮಕ್ಕಳ ಹಳೇ ಆಟದ ಸಾಮಾನು, ಬಟ್ಟೆ ಚೆನ್ನಾಗೇ ಇವೆ. ಇಂಥ ಡಬ್ಬಿಗೆ ಹಾಕಿದರೆ ತಪ್ಪಾ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಹಬ್ಬದ ಉಡುಗೊರೆ ಅಂತ ಕೊಡೋದಾದರೆ ಹೊಸದೇ ಇರಲಿ, ಒಂದು ಪೆನ್ನಾದರೂ ಸರಿ. ಹಳೇದನ್ನು ಹಳೇದು ಅಂತಲೇ ಹೇಳಿ ಬೇರೆ ಕೊಡಿ. ಬಟ್ಟೆ ಜಾಸ್ತಿ ಇದ್ದರೆ ‘ಗೂಂಜ್’ ಸಂಸ್ಥೆ ಇದೆ. ಅಂಶು ಗುಪ್ತಾ ಅವರು 1999ರಲ್ಲಿ ಶುರು ಮಾಡಿದ್ದು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಬಟ್ಟೆಯನ್ನು ಸುಮ್ನೆ ಹಂಚುವುದಿಲ್ಲ. ಹಳ್ಳಿಯವರು ಬಾವಿ, ರಸ್ತೆ ಅಂತ ತಮ್ಮ ಊರಿನ ಕೆಲಸ ತಾವೇ ಮಾಡಿಕೊಂಡರೆ ಅದಕ್ಕೆ ಪ್ರತಿಯಾಗಿ ಬಟ್ಟೆ ಕೊಡುತ್ತಾರೆ. ಒಗೆದು, ಗುಂಡಿ ಹೊಲಿದು ಕಳಿಸಿ. ಹೊಸ ಆಟದ ಸಾಮಾನು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಗುಂಡಿಯಂಥ ಚಿಕ್ಕ ಬ್ಯಾಟರಿ ಹಾಕಿದ ಮಿಣಮಿಣ ಗೊಂಬೆಗಳನ್ನು ಚಿಕ್ಕ ಮಕ್ಕಳಿಗೆ ಕೊಡಲೇಬೇಡಿ. ನುಂಗಿದರೆ ಗಂಟಲೇ ಸುಟ್ಟು ಹೋಗುತ್ತೆ.

ಪ್ರಶ್ನೆ: ನಾನು ಶಾಲೆಯ ಟೀಚರ್. ಪ್ರತಿ ವಿದ್ಯಾರ್ಥಿಯಿಂದಲೂ ಒಂದೊಂದು ತುಂಬಿದ ಡಬ್ಬಿ ತರಿಸಿ ಆಶ್ರಮಕ್ಕೆ ಕೊಡೋಣ ಅಂತಿದ್ದೇವೆ. ಸರೀನಾ?
– ಶಿಕ್ಷಕಿ, ಜಗಳೂರು

ಉತ್ತರ: ತಲಾ ಒಂದು ಡಬ್ಬಿ ಬೇಡಮ್ಮಾ. ನಿಮ್ಮ ತರಗತಿಯಲ್ಲೇ ಡಬ್ಬಿ ಪಡೆಯಬೇಕಾದ ಮಕ್ಕಳು ಇರ್ತಾರೆ, ಅವರ ಅಪ್ಪ ಸಾಲ ಮಾಡಿ ತುಂಬಿಸಿ ಕಳಿಸ್ತಾನೆ. ತರಗತಿಗೆಲ್ಲ ಸೇರಿ ಐದಾರು ಡಬ್ಬಿ ಇಡಿ. ಆಗುವವರು ಒಂದು ಪೆನ್ಸಿಲ್ ತರಲಿ, ಆಗದವರು ಕಾಗದ ಸುತ್ತಲಿ, ಚಿತ್ರ ಬಿಡಿಸಲಿ, ಕಾರ್ಡ್ ಬರೆಯಲಿ. ಕಾರ್ಡಿನಲ್ಲಿ ‘ಬಡ ಗೆಳೆಯನಿಗೆ’ ಅಂತ ಬರೆಯದ ಹಾಗೆ ನೋಡಿಕೊಳ್ಳಿ, ಮಕ್ಕಳು ಬರೆದುಬಿಡ್ತಾರೆ. ಯಾರು ಏನು ತಂದರು ಅನ್ನೋ ಪಟ್ಟಿಯನ್ನು ಬೋರ್ಡಿಗೆ ಹಚ್ಚಬೇಡಿ. ಪ್ರೇಯರ್‌ನಲ್ಲಿ ಹೆಸರು ಓದೋದೂ ಬೇಡ.