ಅಮೆರಿಕದಲ್ಲಿ ಎಸಿ ಕೆಲಸಕ್ಕೆ ಒಂದೇ ಲೈಸೆನ್ಸ್ ಎಲ್ಲ ಕಡೆ ನಡೆಯುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ಐಟಿಐ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಎಸಿ ಸರ್ವಿಸ್ ಮಾಡುತ್ತಿದ್ದೇನೆ. ಹೆಂಡತಿ ನರ್ಸ್, ಇಬ್ಬರಿಗೂ ಗ್ರೀನ್ ಕಾರ್ಡ್ ಬಂದಿದೆ. ಡಲ್ಲಾಸ್, ಚಿಕಾಗೊ, ಬಾಸ್ಟನ್, ಈ ಮೂರರಲ್ಲಿ ಒಂದು ಕಡೆ ಮನೆ ಮಾಡುತ್ತೇವೆ. ಅಲ್ಲಿ ಯಾವ ಲೈಸೆನ್ಸ್ ಬೇಕು? ಒಂದು ಸಲ ತಗೊಂಡರೆ ದೇಶದ ತುಂಬಾ ನಡೆಯುತ್ತಾ?

ಉತ್ತರ:

ನಡೆಯಲ್ಲ. ನೀವು ಹೇಳಿದ ಮೂರು ಊರುಗಳು ಮೂರು ರಾಜ್ಯಗಳಲ್ಲಿವೆ, ಮೂರು ಕಡೆಯೂ ಲೆಕ್ಕ ಬೇರೆ ಬೇರೆ. ನಾನು ಡಲ್ಲಾಸ್ ಹತ್ತಿರ ಇದೇ ಕೆಲಸದಲ್ಲಿದ್ದೇನೆ. ಅಲ್ಲಿನದು ಕೈಯಾರೆ ಗೊತ್ತು, ಮಿಕ್ಕಿದ್ದು ಜೊತೆ ಕೆಲಸ ಮಾಡಿದವರಿಂದ ಮತ್ತು ನಿಯಮ ಓದಿ ತಿಳಿದದ್ದು.

ದೇಶದ ತುಂಬಾ ನಡೆಯೋದು ಒಂದೇ ಒಂದು. ಅದನ್ನು ಇಲ್ಲಿ ಎಲ್ಲರೂ 'ಸಿಕ್ಸ್ ಓ ಎಯ್ಟ್' ಅನ್ನುತ್ತಾರೆ. ಕ್ಲೀನ್ ಏರ್ ಆ್ಯಕ್ಟ್‌ನ 608ನೇ ಸೆಕ್ಷನ್ ಪ್ರಕಾರ, ಎಸಿ, ಫ್ರಿಜ್‌ನ ಕೂಲಿಂಗ್ ಗ್ಯಾಸ್ ಲೈನ್ ಬಿಚ್ಚುವವರೆಲ್ಲ ಇಪಿಎ (ಇಲ್ಲಿನ ಕೇಂದ್ರ ಪರಿಸರ ಸಂಸ್ಥೆ) ಒಪ್ಪಿದ ಪರೀಕ್ಷೆ ಪಾಸಾಗಿರಬೇಕು. ಈ ಗ್ಯಾಸ್ ಸೋರಿದರೆ ಓಝೋನ್ ಪದರಕ್ಕೆ ಹಾನಿ ಅನ್ನೋ ವಿಷಯ ಬಂದಿದ್ದರಿಂದ ಕೇಂದ್ರ ಸರ್ಕಾರ ಇದರಲ್ಲಿ ಕೈಹಾಕಿತು. ಕಸುಬಿನ ಲೈಸೆನ್ಸ್ ಮಾತ್ರ ಆಯಾ ರಾಜ್ಯದ ಕೈಯಲ್ಲೇ ಉಳಿದಿದೆ. ಗೊಂದಲ ಶುರುವಾಗೋದೇ ಅಲ್ಲಿ.

608ರಲ್ಲಿ ಟೈಪ್ 1 ಅಂದರೆ ಫ್ರಿಜ್, ವಿಂಡೋ ಎಸಿ ತರದ ಸಣ್ಣ ಸೀಲ್ಡ್ ಯೂನಿಟ್‌ಗಳು. ಟೈಪ್ 2 ಅಂದರೆ ಸ್ಪ್ಲಿಟ್ ಎಸಿಯಂಥ ಹೈ ಪ್ರೆಷರ್ ಸಿಸ್ಟಮ್‌ಗಳು. ಟೈಪ್ 3 ಅಂದರೆ ದೊಡ್ಡ ಕಟ್ಟಡ ತಂಪು ಮಾಡುವ ಲೋ ಪ್ರೆಷರ್ ಚಿಲ್ಲರ್‌ಗಳು. ಮೂರೂ ಪಾಸಾದರೆ ಯೂನಿವರ್ಸಲ್. ಸುಮ್ನೆ ಒಂದೊಂದಾಗಿ ಬರೆಯಬೇಡಿ, ನೇರ ಯೂನಿವರ್ಸಲ್‌ಗೇ ಕೂತುಕೊಳ್ಳಿ. ಒಟ್ಟು 100 ಪ್ರಶ್ನೆ, ಎಲ್ಲ ಆಯ್ಕೆಯ ಉತ್ತರದವು. ಈ ಸರ್ಟಿಫಿಕೇಟ್‌ಗೆ ಅವಧಿ ಮುಗಿಯೋದು ಅಂತ ಇಲ್ಲ. ಕಾರಿನ ಎಸಿಗೆ ಮಾತ್ರ ಬೇರೆ ಸೆಕ್ಷನ್ ಇದೆ, 609.

ಪರೀಕ್ಷೆಗಿಂತ ಕೈಯ ಅಭ್ಯಾಸ ಬದಲಿಸೋದು ಕಷ್ಟ. ನಮ್ಮಲ್ಲಿ ಹಳೇ ಗ್ಯಾಸ್ ಗಾಳಿಗೆ ಬಿಟ್ಟು, ಹೊಸದು ತುಂಬಿ ಹೋಗೋದು ಎಷ್ಟು ಮಾಮೂಲಿ ಅಂತ ನಿಮಗೆ ಗೊತ್ತೇ ಇದೆ. ಇಲ್ಲಿ ಅದು ಅಪರಾಧ. ರಿಕವರಿ ಮಷಿನ್ ಹಾಕಿ ಸಿಲಿಂಡರ್‌ಗೆ ಎಳೆದುಕೊಳ್ಳಬೇಕು. ಅಳತೆಯೂ ಬೇರೆ. ಸೂಪರ್‌ಹೀಟ್, ಸಬ್‌ಕೂಲಿಂಗ್ ತರದ ಉಷ್ಣತೆಯ ಲೆಕ್ಕವೆಲ್ಲ ಫ್ಯಾರನ್‌ಹೀಟ್‌ನಲ್ಲಿ, ಗ್ಯಾಸಿನ ತೂಕ ಪೌಂಡ್, ಔನ್ಸ್‌ನಲ್ಲಿ. ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಈಗ ಡಲ್ಲಾಸ್. ಟೆಕ್ಸಾಸ್‌ನಲ್ಲಿ ಟಿಡಿಎಲ್‌ಆರ್ ಅನ್ನೋ ರಾಜ್ಯ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ಪೂರ್ತಿ ಲೈಸೆನ್ಸ್ ಇರಬೇಕಾದದ್ದು ಕಂಟ್ರಾಕ್ಟರ್‌ಗೆ. ಅವರ ಕೈಕೆಳಗೆ ಕೆಲಸ ಮಾಡುವ ನೀವು ಟೆಕ್ನಿಷಿಯನ್ ಅಂತ ಹೆಸರು ನೋಂದಾಯಿಸಿಕೊಂಡರೆ ಸಾಕು. ಅದಕ್ಕೆ ಪರೀಕ್ಷೆ ಇಲ್ಲ, ಅರ್ಜಿ ಮತ್ತು ಶುಲ್ಕ ಅಷ್ಟೇ. ಮುಂದೆ ಸ್ವಂತ ಬಿಸಿನೆಸ್ ಬೇಕು ಅಂದಾಗ ಕ್ಲಾಸ್ ಬಿ ನೋಡಿ. ಅದರಲ್ಲಿ 25 ಟನ್‌ವರೆಗಿನ ಕೂಲಿಂಗ್ ಮತ್ತು ಗಂಟೆಗೆ 15 ಲಕ್ಷ ಬಿಟಿಯು (ಶಾಖ ಅಳೆಯುವ ಮಾನ) ವರೆಗಿನ ಹೀಟಿಂಗ್ ಮಾಡಬಹುದು. ಮನೆಗಳ ಎಸಿ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಕ್ಲಾಸ್ ಎ ಇದ್ದರೆ ಈ ಮಿತಿ ಇಲ್ಲ.

ಆದರೆ ಲೈಸೆನ್ಸ್ ಪರೀಕ್ಷೆಗೆ ಕೂರಲು ಕಳೆದ 72 ತಿಂಗಳಲ್ಲಿ 48 ತಿಂಗಳ ಅನುಭವ ತೋರಿಸಬೇಕು. ಅದೂ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಕೆಳಗೆ ಮಾಡಿದ್ದು. ನಮ್ಮಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ಗೆ ಲೈಸೆನ್ಸ್ ಉಂಟು, ಎಸಿಯವರಿಗೆ ಅಂಥದ್ದೇನೂ ಇಲ್ಲ ಅಲ್ವಾ? ಹಾಗಾಗಿ ನಿಮ್ಮ ಎಂಟು ವರ್ಷ ಈ ಲೆಕ್ಕಕ್ಕೆ ಸೇರುತ್ತದೆ ಅಂತ ನಂಬಿಕೊಂಡು ಬರಬೇಡಿ. ಅದು ಕೆಲಸ ಸಿಗಲು ಮಾತ್ರ ಖಂಡಿತ ಸಹಾಯಕ್ಕೆ ಬರುತ್ತದೆ. ಇಲ್ಲಿ ರಸ್ತೆಯಲ್ಲಿ ಓಡಾಡುವ ಸರ್ವಿಸ್ ವ್ಯಾನ್‌ಗಳನ್ನು ಗಮನಿಸಿ. ಟಿಎಸಿಎಲ್‌ಎ ಅಥವಾ ಟಿಎಸಿಎಲ್‌ಬಿ ಅಂತ ಶುರುವಾಗುವ ನಂಬರ್ ಎರಡೂ ಬದಿಯಲ್ಲಿ ದೊಡ್ಡದಾಗಿ ಬರೆದಿರುತ್ತದೆ. ಅದು ಲೈಸೆನ್ಸ್ ನಂಬರ್, ವ್ಯಾನ್ ಮೇಲೆ ಹಾಕಲೇಬೇಕು. ಕೆಲಸಕ್ಕೆ ಸೇರುವ ಮೊದಲು ಆ ನಂಬರನ್ನು ಇಲಾಖೆಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ.

ಚಿಕಾಗೊ ಇರುವ ಇಲಿನಾಯ್‌ನಲ್ಲಿ ತಮಾಷೆ ನೋಡಿ. ಪ್ಲಂಬರ್‌ಗೆ ರಾಜ್ಯದ ಲೈಸೆನ್ಸ್ ಬೇಕು, ಛಾವಣಿ ಕೆಲಸದ ಕಂಟ್ರಾಕ್ಟರ್‌ಗೂ ಬೇಕು, ಎಸಿ-ಹೀಟಿಂಗ್‌ನವರಿಗೆ ರಾಜ್ಯ ಮಟ್ಟದಲ್ಲಿ ಲೈಸೆನ್ಸೇ ಇಲ್ಲ. ಹಾಗಂತ ಯಾರೂ ಕೇಳಲ್ಲ ಅಂತಲ್ಲ. ಪರ್ಮಿಟ್, ನೋಂದಣಿ, ಬಾಂಡ್ ಇವೆಲ್ಲ ಆಯಾ ಊರಿನ ಆಡಳಿತಕ್ಕೆ ಬಿಟ್ಟಿದ್ದು. ಪಕ್ಕದ ಊರಿಗೆ ಹೋದರೆ ನಿಯಮ ಬದಲಾಗಬಹುದು, ಆ ಊರಿನ ಬಿಲ್ಡಿಂಗ್ ಡಿಪಾರ್ಟ್‌ಮೆಂಟ್‌ನಲ್ಲೇ ಕೇಳಬೇಕು. ಈ ತಲೆನೋವು ಕಂಪನಿ ಮಾಲೀಕನದು, ಸಂಬಳಕ್ಕೆ ಹೋಗುವವರಿಗೆ ಅಷ್ಟಾಗಿ ತಟ್ಟಲ್ಲ. ಅಲ್ಲಿ ಯೂನಿಯನ್ ಜೋರು. ಪೈಪ್‌ಫಿಟರ್ಸ್ ಲೋಕಲ್ 597 ಅಂತ ಇದೆ, ಅವರ ಅಪ್ರೆಂಟಿಸ್‌ಶಿಪ್ ಐದು ವರ್ಷದ್ದು. ಕೆಲಸ ಗೊತ್ತಿರುವವರಿಗೆ ಮತ್ತೆ ಐದು ವರ್ಷ ಯಾಕೆ ಅನಿಸಬಹುದು. ಆದರೂ ಅರ್ಜಿ ಹಾಕುವಾಗ ನಿಮ್ಮ ಅನುಭವಕ್ಕೆ ಏನಾದರೂ ರಿಯಾಯಿತಿ ಕೊಡ್ತಾರಾ ಅಂತ ಕೇಳೋದರಲ್ಲಿ ತಪ್ಪಿಲ್ಲ.

ಬಾಸ್ಟನ್ ಮೂರರಲ್ಲಿ ಕಷ್ಟದ್ದು. ಮ್ಯಾಸಚೂಸೆಟ್ಸ್‌ನಲ್ಲಿ ಕೆಲಸವನ್ನೇ ತುಂಡು ಮಾಡಿ ಹಂಚಿದ್ದಾರೆ. 10 ಟನ್‌ಗಿಂತ ದೊಡ್ಡ ಸಿಸ್ಟಮ್ ಮುಟ್ಟಲು ರೆಫ್ರಿಜರೇಶನ್ ಟೆಕ್ನಿಷಿಯನ್ ಲೈಸೆನ್ಸ್. ಗಾಳಿ ಹರಿಸುವ ತಗಡಿನ ಡಕ್ಟ್ ಹಾಕಲು ಶೀಟ್ ಮೆಟಲ್ ಲೈಸೆನ್ಸ್, ಅದಕ್ಕೆ ಬೇರೆಯೇ ಬೋರ್ಡ್. ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್‌ಗೆ ಪೈಪ್ ಕೊಡಲು ಪ್ಲಂಬರ್ ಅಥವಾ ಗ್ಯಾಸ್ ಫಿಟರ್ ಬೇಕು. ಎಣ್ಣೆ ಉರಿಸುವ ಬರ್ನರ್ ಆದರೆ ಅಗ್ನಿಶಾಮಕ ಇಲಾಖೆಯ ಸರ್ಟಿಫಿಕೇಟ್. ಒಂದು ಮನೆಯ ಹೀಟಿಂಗ್ ಬದಲಿಸಲು ಮೂರು ಲೈಸೆನ್ಸಿನವರು ಬಂದರೂ ಆಶ್ಚರ್ಯವಿಲ್ಲ. ಬೆಂಗಳೂರಲ್ಲಿ ತಾಮ್ರದ ಪೈಪ್ ಬ್ರೇಜಿಂಗ್‌ನಿಂದ ವೈರಿಂಗ್‌ವರೆಗೆ ಒಬ್ಬರೇ ಮಾಡಿ ಅಭ್ಯಾಸವಾದ ನಮಗೆ ಇದು ಉಸಿರು ಕಟ್ಟಿಸುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳಲ್ಲ. ಇಲ್ಲಿ ಈ ಕಸುಬಿನ ಅರ್ಧ ಭಾಗ ಬಿಸಿ ಮಾಡೋದು. ನಮ್ಮ ಐಟಿಐನಲ್ಲಿ ಕಂಪ್ರೆಸರ್ ಚೆನ್ನಾಗಿ ಕಲಿಸುತ್ತಾರೆ, ಗ್ಯಾಸ್ ಫರ್ನೇಸ್ ಯಾರು ನೋಡಿರುತ್ತಾರೆ? ಫರ್ನೇಸ್ ಒಳಗಿನ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬಂದು ಜನ ಸಾಯುತ್ತಾರೆ. ಕಮ್ಯುನಿಟಿ ಕಾಲೇಜ್‌ಗಳಲ್ಲಿ ಸಂಜೆ ಹೊತ್ತಿನ ಹೀಟಿಂಗ್ ಕೋರ್ಸ್ ಸಿಗುತ್ತವೆ. ಮೂರರಲ್ಲಿ ಯಾವ ಊರಿಗೆ ಹೋದರೂ ಒಂದು ಕೋರ್ಸ್ ಮಾಡಿ, ಚಿಕಾಗೊ, ಬಾಸ್ಟನ್ ಆದರೆ ಕಡ್ಡಾಯ ಅಂದುಕೊಳ್ಳಿ.

ಊರು ಆರಿಸುವಾಗ ನರ್ಸ್ ಲೈಸೆನ್ಸೂ ರಾಜ್ಯದ್ದೇ ಅನ್ನೋದು ನಿಮ್ಮ ಮನೆಯವರಿಗೆ ಗೊತ್ತಿರುತ್ತದೆ, ಇಬ್ಬರೂ ಕೂತು ಮಾತಾಡಿ. ಬರೀ ನಿಮ್ಮ ಕೆಲಸ ನೋಡಿದರೆ ನಾನು ಡಲ್ಲಾಸ್ ಅನ್ನುತ್ತೇನೆ. ಬೇಗ ಕೆಲಸ ಶುರು ಮಾಡಬಹುದು, ಬೇಸಿಗೆಯಲ್ಲಿ ಬಿಡುವೇ ಇರಲ್ಲ. ಹೊರಡುವ ಮೊದಲು ಐಟಿಐ ಮಾರ್ಕ್ಸ್ ಕಾರ್ಡ್, ಎನ್‌ಸಿವಿಟಿ ಸರ್ಟಿಫಿಕೇಟ್, ಮತ್ತು ಕೆಲಸ ಮಾಡಿದ ಕಡೆಯಿಂದೆಲ್ಲ ಅನುಭವ ಪತ್ರ ತನ್ನಿ. ಪತ್ರದಲ್ಲಿ 'ಎಸಿ ಮೆಕ್ಯಾನಿಕ್' ಅಂತ ಒಂದು ಸಾಲು ಸಾಲದು. ಎಷ್ಟು ಟನ್ನಿನ ಯೂನಿಟ್, ಇನ್‌ಸ್ಟಾಲೇಶನ್ನಾ ರಿಪೇರಿಯಾ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳಿ.