ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ಮುಕ್ತ ತಂತ್ರಾಂಶವನ್ನು, ಎಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು, ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ನಾಲ್ಕು ಪುಟಗಳ ಪ್ರತಿಕ್ರಿಯೆ ತಲುಪಿತು. ಮೂವತ್ತೈದು ವರ್ಷ ಲೆಕ್ಕಪರಿಶೋಧಕರಾಗಿದ್ದು ನಿವೃತ್ತರಾದವರು ತಾವೆಂದು ತಿಳಿಸಿದ್ದೀರಿ. ಆಕ್ಷೇಪಗಳನ್ನು ಒಂದರ ಮೇಲೊಂದರಂತೆ ಜೋಡಿಸಿಟ್ಟ ಕ್ರಮದಲ್ಲಿಯೇ ಅದು ಗೊತ್ತಾಗುತ್ತದೆ. ಉಳಿದ ಓದುಗರಿಗಾಗಿ ಅವನ್ನು ಸಂಗ್ರಹಿಸಿ ಹೇಳುತ್ತೇನೆ. ಸೋರ್ಸ್ ಕೋಡನ್ನು, ಎಂದರೆ ಪ್ರೋಗ್ರಾಮರುಗಳು ಬರೆದ ತಂತ್ರಾಂಶದ ಮೂಲ ಪಠ್ಯವನ್ನು, ಓದಬಲ್ಲವರು ಜನರಲ್ಲಿ ಬೆರಳೆಣಿಕೆಯಷ್ಟೇ ಇರುವಾಗ ಅದನ್ನು ತೆರೆದಿಡುವುದು ಪ್ರೋಗ್ರಾಮರುಗಳ ಮನೆಯೊಳಗಿನ ಮಾತು, ಅದನ್ನು ನಾಗರಿಕ ಹಕ್ಕೆಂದು ಕರೆಯುವುದು ಅತಿಶಯೋಕ್ತಿ ಎಂಬುದು ಮೊದಲನೆಯದು. ತಪ್ಪು ಮಾಡದವರು ಕಣ್ಗಾವಲಿಗೆ ಅಂಜಬೇಕಾಗಿಲ್ಲ ಎಂಬುದು ಎರಡನೆಯದು. ಕಂಪನಿಗಳ ಹಿಡಿತದಿಂದ ಬಿಡಿಸುತ್ತೇವೆಂದು ಹೊರಟ ಚಳವಳಿ ಈಗ ಅದೇ ಕಂಪನಿಗಳಿಗೆ ಬಿಟ್ಟಿ ಚಾಕರಿ ಮಾಡುತ್ತಿದೆ ಎಂಬುದು ಮೂರನೆಯದು. ಕೊನೆಯಲ್ಲಿ, ಇಷ್ಟೆಲ್ಲ ಬರೆಯುವ ಪತ್ರಿಕೆ ಸ್ವತಃ ಯಾವ ತಂತ್ರಾಂಶದಲ್ಲಿ ಸಿದ್ಧವಾಗುತ್ತದೆ ಎಂದೂ ಕೇಳಿದ್ದೀರಿ.

ಮೊದಲ ಆಕ್ಷೇಪಕ್ಕೆ ತಮ್ಮ ವೃತ್ತಿಯಲ್ಲೇ ಉತ್ತರವಿದೆ. ಒಂದು ಸಂಸ್ಥೆಯ ಸಾವಿರಾರು ಷೇರುದಾರರಲ್ಲಿ ಖಾತೆ ಪುಸ್ತಕವನ್ನು ಬಿಡಿಸಿ ನೋಡುವವರು ಎಷ್ಟು ಮಂದಿ? ನೋಡಿದರೂ ಅರ್ಥವಾಗುವುದು ಎಷ್ಟು ಮಂದಿಗೆ? ಆದರೂ ಅವರು ವರ್ಷದ ಕೊನೆಯ ಲೆಕ್ಕವನ್ನು ನಂಬುತ್ತಾರೆ; ಏಕೆಂದರೆ ಆ ಪುಸ್ತಕವನ್ನು ತೆರೆಸಿ, ಚೀಟಿಗೆ ಚೀಟಿ ತಾಳೆ ನೋಡುವ ಅಧಿಕಾರವನ್ನು ಕಾನೂನು ತಮ್ಮಂಥ ಒಬ್ಬರಿಗೆ ಕೊಟ್ಟಿರುತ್ತದೆ. ‘ನಮ್ಮ ಖಾತೆ ಪುಸ್ತಕ ವ್ಯಾಪಾರ ರಹಸ್ಯ, ಮೊತ್ತವನ್ನು ಮಾತ್ರ ಹೇಳುತ್ತೇವೆ, ನಂಬಿ ಸಹಿ ಹಾಕಿ’ ಎಂದು ಒಂದು ಸಂಸ್ಥೆ ಹೇಳಿದ್ದರೆ ತಾವು ಸಹಿ ಹಾಕುತ್ತಿದ್ದಿರೇ? ಮುಚ್ಚಿದ ತಂತ್ರಾಂಶವು ನಮ್ಮೆಲ್ಲರಿಂದ ಪ್ರತಿದಿನ ಪಡೆಯುತ್ತಿರುವುದು ಅಂಥ ಸಹಿಯನ್ನೇ.

ಇದು ಬರಿಯ ಹೋಲಿಕೆಯಲ್ಲ ಎಂದು ತೋರಿಸಲು ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಲೆಕ್ಕದ ಮನುಷ್ಯರಾದ ತಮ್ಮನ್ನು ಅದು ಇತರರಿಗಿಂತ ಹೆಚ್ಚು ಕಲಕುತ್ತದೆಂದು ಭಾವಿಸುತ್ತೇನೆ. ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆಯನ್ನು 1999ರಿಂದ ಅಲ್ಲಿನ ಸಣ್ಣ ಅಂಚೆ ಕಚೇರಿಗಳಲ್ಲಿ ಅಳವಡಿಸಲಾಯಿತು. ಆ ಕಚೇರಿಗಳನ್ನು ಕರಾರಿನ ಮೇಲೆ ನಡೆಸುತ್ತಿದ್ದವರು ಸಬ್ ಪೋಸ್ಟ್‌ಮಾಸ್ಟರ್‌ಗಳು. ಲೆಕ್ಕದಲ್ಲಿ ಕೊರತೆ ಕಂಡರೆ ತುಂಬಿಕೊಡುವ ಹೊಣೆಯೂ ಅವರದೇ. ದಿನದ ಕೊನೆಗೆ ಪೆಟ್ಟಿಗೆಯಲ್ಲಿದ್ದ ಹಣಕ್ಕೂ ಪರದೆಯ ಮೇಲಿನ ಮೊತ್ತಕ್ಕೂ ತಾಳೆಯಾಗದಿರುವುದು ಒಬ್ಬೊಬ್ಬರಿಗಾಗಿ ಅನುಭವಕ್ಕೆ ಬರತೊಡಗಿತು. ಕೆಲವರು ಕೈಯಿಂದ ಕಟ್ಟಿದರು, ಕೆಲವರು ಸಾಲ ಮಾಡಿದರು, ಕೆಲವರು ಮನೆ ಕಳೆದುಕೊಂಡರು. ಸಹಾಯವಾಣಿಗೆ ಕರೆ ಮಾಡಿದಾಗ ‘ಬೇರೆ ಯಾರಿಗೂ ಈ ತೊಂದರೆಯಿಲ್ಲ, ನಿಮಗೊಬ್ಬರಿಗೇ’ ಎಂಬ ಉತ್ತರ ಸಿಕ್ಕಿತೆಂದು ಅನೇಕರು ಮುಂದೆ ಸಾಕ್ಷ್ಯ ನುಡಿದಿದ್ದಾರೆ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಯನ್ನು ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳಲ್ಲಿ ನ್ಯಾಯಾಲಯಗಳು ಅಪರಾಧಿಗಳೆಂದು ತೀರ್ಮಾನಿಸಿದವು. 2010ರಲ್ಲಿ ಜೈಲಿಗೆ ಹೋದವರಲ್ಲಿ ಒಬ್ಬ ಗರ್ಭಿಣಿಯೂ ಇದ್ದರು. ವ್ಯವಸ್ಥೆಯ ದಾಖಲೆಗಳನ್ನು ಕೊಡಿಸಬೇಕೆಂದು ಅವರ ಪರವಾಗಿ ಮತ್ತೆ ಮತ್ತೆ ಕೇಳಿಕೊಂಡರೂ ಪ್ರಯೋಜನವಾಗಲಿಲ್ಲ.

ಇಲ್ಲಿ ಒಂದು ಕಾನೂನಿನ ಅಂಶವಿದೆ. ಕಂಪ್ಯೂಟರ್ ನೀಡಿದ ದಾಖಲೆಯನ್ನು ಸಾಕ್ಷ್ಯವಾಗಿ ತರಬೇಕಾದರೆ ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ತೋರಿಸಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 1984ರ ಕಾಯಿದೆಯಲ್ಲಿತ್ತು. 1999ರಲ್ಲಿ, ಅಂದರೆ ಹೊರೈಜನ್ ಬಂದ ವರ್ಷದಲ್ಲೇ, ಆ ನಿಯಮವನ್ನು ತೆಗೆದುಹಾಕಲಾಯಿತು. ಅಲ್ಲಿಂದ ಮುಂದೆ ಯಂತ್ರ ಸರಿಯಾಗಿಯೇ ಇದೆಯೆಂದು ನ್ಯಾಯಾಲಯ ಭಾವಿಸತೊಡಗಿತು; ಕೆಟ್ಟಿದೆಯೆಂದು ತೋರಿಸುವ ಭಾರ ಆರೋಪಿಯ ಹೆಗಲೇರಿತು. ಆದರೆ ತೋರಿಸುವುದಾದರೂ ಹೇಗೆ? ತಂತ್ರಾಂಶವೂ ಅದರ ದೋಷಗಳ ಪಟ್ಟಿಯೂ ಎದುರು ಪಕ್ಷದ ಬೀರುವಿನಲ್ಲಿ. ಮನುಷ್ಯ ಸಾಕ್ಷಿಯನ್ನು ಕಟಕಟೆಗೆ ಕರೆಸಿ ಪಾಟೀ ಸವಾಲು ಮಾಡಬಹುದು. ಈ ಸಾಕ್ಷಿ ಮಾತ್ರ ಯಾವ ಸವಾಲಿಗೂ ಸಿಕ್ಕದೆ ನೂರಾರು ಜನರ ಮೇಲೆ ಸಾಕ್ಷ್ಯ ಹೇಳಿತು. ಮಾಜಿ ಸಬ್ ಪೋಸ್ಟ್‌ಮಾಸ್ಟರ್ ಅಲನ್ ಬೇಟ್ಸ್ ಅವರ ಮುಂದಾಳತ್ವದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ತೀರ್ಪು ಬಂದಾಗ, ವ್ಯವಸ್ಥೆಯಲ್ಲಿ ದೋಷಗಳಿದ್ದುದೂ, ಶಾಖೆಯ ಲೆಕ್ಕವನ್ನು ಫುಜಿತ್ಸು ನೌಕರರು ದೂರದಿಂದಲೇ ಬದಲಾಯಿಸಬಹುದಾಗಿದ್ದುದೂ ಸ್ಥಾಪಿತವಾದವು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಯನ್ನು ಒಮ್ಮೆಗೇ ರದ್ದು ಮಾಡಿತು; 2024ರಲ್ಲಿ ಸಂಸತ್ತು ವಿಶೇಷ ಕಾಯಿದೆಯನ್ನೇ ತರಬೇಕಾಯಿತು. ಅಷ್ಟರಲ್ಲಿ ಕಳಂಕ ಹೊತ್ತೇ ತೀರಿಕೊಂಡವರು, ಪ್ರಾಣ ಕಳೆದುಕೊಂಡವರು ಇದ್ದರು.

ಕೋಡ್ ಬಹಿರಂಗವಾಗಿದ್ದರೆ ಈ ಅನ್ಯಾಯ ನಡೆಯುತ್ತಲೇ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಅಲ್ಲಿ ಅಧಿಕಾರಿಗಳ ಹಟವಿತ್ತು, ಕೈಯಲ್ಲಿದ್ದ ದಾಖಲೆಗಳನ್ನು ಬಚ್ಚಿಟ್ಟ ಅಪ್ರಾಮಾಣಿಕತೆಯೂ ಇತ್ತು. ಆದರೆ ಮೊದಲ ಪ್ರಕರಣದಲ್ಲೇ ಆರೋಪಿಯ ಪರವಾಗಿ ಒಬ್ಬ ಸ್ವತಂತ್ರ ತಜ್ಞನಿಗೆ ಒಳಗೆ ಕೈಹಾಕಿ ನೋಡುವ ಹಕ್ಕಿದ್ದಿದ್ದರೆ, ಇಪ್ಪತ್ತು ವರ್ಷ ಬೇಕಾಗುತ್ತಿರಲಿಲ್ಲ. ಆ ಹಕ್ಕು ಆರೋಪಿಯ ಹಕ್ಕೇ ಹೊರತು ಪ್ರೋಗ್ರಾಮರನದಲ್ಲ. ನಮ್ಮ ಮೇಲೆ ತೀರ್ಮಾನ ಕೈಗೊಳ್ಳುವ ಯಂತ್ರವನ್ನು ನಮ್ಮ ಪರವಾಗಿ ಪರೀಕ್ಷಿಸಲು ಒಬ್ಬರಿಗೆ ಅವಕಾಶವಿರಬೇಕು ಎನ್ನುವುದನ್ನು ನಾಗರಿಕ ಹಕ್ಕೆಂದು ಕರೆಯದಿದ್ದರೆ ಮತ್ತೇನೆಂದು ಕರೆಯಬೇಕೋ ನನಗೆ ತಿಳಿಯದು.

ಫೋಕ್ಸ್‌ವ್ಯಾಗನ್ ಪ್ರಕರಣ ತಮಗೆ ಗೊತ್ತಿರುವುದರಿಂದ ಅದನ್ನು ಹಿಗ್ಗಿಸುವುದಿಲ್ಲ. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ತಂತ್ರಾಂಶವಿದ್ದ ಸುಮಾರು 1.1 ಕೋಟಿ ಡೀಸೆಲ್ ವಾಹನಗಳು ಜಗತ್ತಿನಲ್ಲಿ ಓಡಾಡುತ್ತಿದ್ದವು. ಕೋಡನ್ನು ಯಾರೂ ನೋಡುವಂತಿರಲಿಲ್ಲವಾದ್ದರಿಂದ, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರುಗಳನ್ನು ರಸ್ತೆಯ ಮೇಲೆ ಓಡಿಸಿಯೇ ವ್ಯತ್ಯಾಸವನ್ನು ಅಳೆಯಬೇಕಾಯಿತು. ಗಮನಿಸಬೇಕಾದ್ದು ಇನ್ನೊಂದಿದೆ. ಕಾರಿನ ತಂತ್ರಾಂಶವನ್ನು ಪರಿಶೀಲಿಸಲು ಮಾಲೀಕರಿಗೂ ಸಂಶೋಧಕರಿಗೂ ಕೃತಿಸ್ವಾಮ್ಯ ಕಾಯಿದೆಯಿಂದ ವಿನಾಯಿತಿ ಬೇಕೆಂಬ ಬೇಡಿಕೆಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ 2015ರ ಜುಲೈನಲ್ಲಿ ವಿರೋಧಿಸಿತ್ತು. ಎರಡು ತಿಂಗಳ ಬಳಿಕ, ಸೆಪ್ಟೆಂಬರ್‌ನಲ್ಲಿ, ವಂಚನೆಯನ್ನು ಬಯಲು ಮಾಡಿದ್ದೂ ಅದೇ ಸಂಸ್ಥೆ. ಅಕ್ಟೋಬರ್‌ನಲ್ಲಿ ವಿನಾಯಿತಿ ದೊರೆಯಿತು.

ಇನ್ನು ‘ಬಚ್ಚಿಡುವುದೇನೂ ಇಲ್ಲದವರಿಗೆ ಭಯವೇಕೆ’ ಎಂಬ ಮಾತು. ಆ ಸಬ್ ಪೋಸ್ಟ್‌ಮಾಸ್ಟರ್‌ಗಳಿಗೂ ಬಚ್ಚಿಡುವುದೇನೂ ಇರಲಿಲ್ಲ. ಅವರ ಬದುಕೆಲ್ಲ ಯಂತ್ರದ ಮುಂದೆ ತೆರೆದಿತ್ತು, ಯಂತ್ರ ಮಾತ್ರ ಅವರಿಗೆ ಮುಚ್ಚಿತ್ತು. ಒಂದು ಪಕ್ಷಕ್ಕೆ ಎಲ್ಲವೂ ಕಾಣಿಸುತ್ತ, ಇನ್ನೊಂದು ಪಕ್ಷಕ್ಕೆ ಏನೂ ಕಾಣದಿರುವ ಏರ್ಪಾಡಿನಲ್ಲಿ ನಿರಪರಾಧಿಯ ನಿರ್ಭಯಕ್ಕೆ ಆಧಾರವಿರುವುದಿಲ್ಲ. ಮೇಲಾಗಿ, ಖಾಸಗಿ ಮಾತಿಗೆ ರಕ್ಷಣೆ ಬೇಕಾಗುವುದು ಅಪರಾಧಿಗಳಿಗಷ್ಟೇ ಎಂಬ ಊಹೆಯೂ ಸರಿಯಲ್ಲ. ಫಿಲ್ ಜಿಮ್ಮರ್‌ಮನ್ ಅವರು 1991ರಲ್ಲಿ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವನ್ನು ಸೋರ್ಸ್ ಕೋಡ್ ಸಮೇತ ಹಂಚಿದಾಗ ಅಮೆರಿಕದ ಸರ್ಕಾರ ಅದನ್ನು ಶಸ್ತ್ರಾಸ್ತ್ರ ರಫ್ತಿಗೆ ಸಮವೆಂದು ಕಂಡು ತನಿಖೆ ನಡೆಸಿತು. 1996ರಲ್ಲಿ ಮೊಕದ್ದಮೆ ಹೂಡದೆ ಕೈಬಿಟ್ಟಿತು. ಆ ವರ್ಷವೇ, ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೀನ್ ಅವರ ದಾವೆಯಲ್ಲಿ, ಸೋರ್ಸ್ ಕೋಡ್ ಕೂಡ ಸಂವಿಧಾನದ ರಕ್ಷಣೆಯುಳ್ಳ ಅಭಿವ್ಯಕ್ತಿಯೆಂದು ಅಲ್ಲಿನ ಫೆಡರಲ್ ನ್ಯಾಯಾಧೀಶರೊಬ್ಬರು ಹೇಳಿದರು. ಸಂದೇಶ ಕಳಿಸುವ ಸಿಗ್ನಲ್ ಎಂಬ ಮುಕ್ತ ತಂತ್ರಾಂಶದ ತಯಾರಕರಿಗೆ 2016ರಲ್ಲಿ ಬಳಕೆದಾರರ ವಿವರ ಕೊಡುವಂತೆ ಆದೇಶ ಬಂದಾಗ, ಅವರು ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಇವೆರಡೇ. ಸಂದೇಶಗಳು ಫೋನಿನಿಂದ ಗೂಢಲಿಪಿಯಲ್ಲೇ ಹೊರಡುತ್ತವೆ ಎಂಬ ಅವರ ಮಾತನ್ನು ಕೋಡ್ ಓದಿ ಯಾರು ಬೇಕಾದರೂ ಪರೀಕ್ಷಿಸಬಹುದು. ಮುಚ್ಚಿದ ತಂತ್ರಾಂಶದವರೂ ಇದೇ ಆಶ್ವಾಸನೆ ಕೊಡಬಹುದು. ಅದನ್ನು ಪರೀಕ್ಷಿಸುವ ದಾರಿ ಮಾತ್ರ ಅಲ್ಲಿ ಬಹಳ ಕಿರಿದು.

ಮೂರನೆಯ ಆಕ್ಷೇಪದಲ್ಲಿ ತಾವು ಬಹುಪಾಲು ಸರಿ. ನಮ್ಮ ಲೇಖನ ಅದನ್ನು ಮುಟ್ಟದೆ ಮುಂದೆ ಹೋದದ್ದು ಕೊರತೆಯೇ. ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಪ್ರಕಟಿಸಿದಾಗ ಅವರ ಮಾತು ಬಳಕೆದಾರನ ಸ್ವಾತಂತ್ರ್ಯದ್ದಾಗಿತ್ತು: ಬಳಸುವ, ಅಭ್ಯಾಸ ಮಾಡುವ, ತಿದ್ದುವ, ಹಂಚುವ ಸ್ವಾತಂತ್ರ್ಯ. 1998ರಲ್ಲಿ ಅದೇ ಬಗೆಯ ತಂತ್ರಾಂಶಕ್ಕೆ ‘ಓಪನ್ ಸೋರ್ಸ್’ ಎಂಬ ಹೆಸರನ್ನು ಮುಂದಿಟ್ಟವರು ವ್ಯಾಪಾರಸ್ಥರಿಗೆ ಇರುಸುಮುರುಸಾಗದ ಭಾಷೆಯನ್ನು ಬಯಸಿದ್ದರು, ಅದರಲ್ಲಿ ಗೆದ್ದರು ಕೂಡ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು 2001ರಲ್ಲಿ ಕ್ಯಾನ್ಸರಿಗೆ ಹೋಲಿಸಿದ ಮುಖ್ಯಸ್ಥರಿದ್ದ ಮೈಕ್ರೋಸಾಫ್ಟ್, 2018ರಲ್ಲಿ 750 ಕೋಟಿ ಡಾಲರ್ ಕೊಟ್ಟು ಮುಕ್ತ ತಂತ್ರಾಂಶದ ಕೋಡನ್ನು ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣವನ್ನೇ ಕೊಂಡಿತು. ಅಂತರಜಾಲದ ಬಹುಭಾಗವನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ತಿಳಿದದ್ದೇನೆಂದರೆ, ಆ ಯೋಜನೆಗೆ ವರ್ಷಕ್ಕೆ ಸುಮಾರು 2,000 ಡಾಲರ್ ದೇಣಿಗೆ ಬರುತ್ತಿತ್ತು, ಪೂರ್ಣಾವಧಿಗೆ ದುಡಿಯುತ್ತಿದ್ದವರು ಒಬ್ಬರು. ಅದನ್ನು ನೆಚ್ಚಿಕೊಂಡಿದ್ದ ಕಂಪನಿಗಳ ಲಾಭದ ಲೆಕ್ಕವನ್ನು ತಮಗೆ ನಾನು ಹೇಳಬೇಕಾಗಿಲ್ಲ. ತೆರೆದ ಕೋಡಿನಲ್ಲೂ ಆ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಪುಸ್ತಕ ತೆರೆದಿದ್ದರೆ ಸಾಲದು, ಪರಿಶೋಧಕನಿಗೆ ಸಂಬಳವೂ ಬೇಕು.

2024ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಮುಕ್ತ ತಂತ್ರಾಂಶವನ್ನು ವರ್ಷಗಳಿಂದ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದ ಹೊತ್ತಿನಲ್ಲಿ ನೆರವಿಗೆಂದು ಬಂದ ಅಪರಿಚಿತರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಬಾಗಿಲನ್ನು ಇಟ್ಟರು. ಆಂದ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಕಂಡು ಅನುಮಾನಗೊಂಡು ಜಾಲಾಡಿದ್ದರಿಂದ ಅದು ಜಗತ್ತಿಗೆಲ್ಲ ಹರಡುವ ಮೊದಲೇ ಸಿಕ್ಕಿಬಿತ್ತು. ಅವರು ಜಾಲಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲವೆಂಬುದು ನನ್ನ ಪಕ್ಷಕ್ಕೆ ಬಲ. ಒಬ್ಬ ದಣಿದ ಮನುಷ್ಯನ ಮೇಲೆ ಅಷ್ಟೊಂದು ಭಾರ ಬಿದ್ದಿತ್ತೆಂಬುದು ತಮ್ಮ ಪಕ್ಷಕ್ಕೆ ಬಲ.

ಇದಕ್ಕಿಂತ ಆಳದ ಸಮಸ್ಯೆ ಸರ್ವರುಗಳದ್ದು. 1989ರಲ್ಲಿ ಬಂದ ಜಿಪಿಎಲ್ ಪರವಾನಗಿ, ತಂತ್ರಾಂಶವನ್ನು ತಿದ್ದಿ ಇತರರಿಗೆ ಹಂಚುವವರು ಸೋರ್ಸ್ ಕೋಡನ್ನೂ ಕೊಡಬೇಕೆಂದು ವಿಧಿಸಿತು. ಆದರೆ ಇಂದಿನ ದೊಡ್ಡ ಕಂಪನಿ ತಂತ್ರಾಂಶವನ್ನು ಹಂಚುವುದೇ ಇಲ್ಲ; ತನ್ನ ಯಂತ್ರದಲ್ಲಿ ಓಡಿಸಿ, ಫಲಿತಾಂಶವನ್ನಷ್ಟೇ ನಮಗೆ ಕಳಿಸುತ್ತದೆ. ಈ ಸಂದನ್ನು ಮುಚ್ಚಲು ಬರೆದ ಎಜಿಪಿಎಲ್ ಪರವಾನಗಿಯನ್ನು ಎಷ್ಟೋ ಕಂಪನಿಗಳು ಹೊಸ್ತಿಲ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಮುಕ್ತ ತಂತ್ರಾಂಶದಿಂದಲೇ ಕಟ್ಟಿದ, ಆದರೆ ಬಳಕೆದಾರನಿಗೆ ಪೂರ್ತಿ ಮುಚ್ಚಿದ ಸೇವೆಗಳಲ್ಲಿ ನಾವೆಲ್ಲ ಬದುಕುತ್ತಿದ್ದೇವೆ. ಪರವಾನಗಿಗಳು ಇದನ್ನು ತಾವಾಗಿಯೇ ಸರಿಪಡಿಸಲಾರವು. ಶಾಸನ ಬೇಕು, ಸ್ಪರ್ಧಾ ನಿಯಮ ಬೇಕು, ಕೊಳ್ಳುವಾಗ ಷರತ್ತು ಹಾಕುವ ಸರ್ಕಾರಗಳು ಬೇಕು.

ಆದರೂ ‘ಬಿಟ್ಟಿ ಚಾಕರಿ’ ಎಂಬ ತಮ್ಮ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಾಗ ಬರಹ, ಲೆಕ್ಕ ಮುಂತಾದ ಕಚೇರಿ ಕೆಲಸಗಳ ಓಪನ್‌ಆಫೀಸ್ ತಂತ್ರಾಂಶವೂ ಅದರ ಪಾಲಾಯಿತು. ಹೊಸ ಯಜಮಾನರ ರೀತಿ ಹಿಡಿಸದ ಕಾರ್ಯಕರ್ತರು ಆ ವರ್ಷದ ಸೆಪ್ಟೆಂಬರ್‌ನಲ್ಲಿಯೇ ಅದೇ ಕೋಡನ್ನು ಎತ್ತಿಕೊಂಡು ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಬೇರೆ ಸಂಸಾರ ಹೂಡಿದರು. ಕಂಪನಿಗೆ ಹೆಸರು ಉಳಿಯಿತು, ಕೆಲಸ ಹೊರಟುಹೋಯಿತು. ಕೂಲಿಯಾಳಿಗೆ ಹೀಗೆ ಹೊಲವನ್ನೇ ಹೊತ್ತುಕೊಂಡು ಹೋಗುವ ಹಕ್ಕಿರುವುದಿಲ್ಲ.

ತಮ್ಮ ಕೊನೆಯ ಪ್ರಶ್ನೆಗೆ ಮರೆಮಾಚದೆ ಉತ್ತರಿಸುತ್ತೇನೆ. ಈ ಪತ್ರಿಕೆಯ ಬರಹ, ತಿದ್ದುಪಡಿಗಳು ಲಿಬ್ರೆಆಫೀಸಿನಲ್ಲಿ ನಡೆಯುತ್ತವೆ. ಪುಟವಿನ್ಯಾಸ ನಡೆಯುವುದು ವಾರ್ಷಿಕ ಚಂದಾ ಕಟ್ಟುವ ಮುಚ್ಚಿದ ತಂತ್ರಾಂಶವೊಂದರಲ್ಲಿ; ವಿನ್ಯಾಸ ಮಾಡುವವರಿಗೆ ಪಳಗಿರುವುದು ಅದು, ಮುದ್ರಣಾಲಯ ಕೇಳುವುದೂ ಅದರ ಕಡತಗಳನ್ನು. ಹಿಂದೆ ಒಂಬತ್ತು ವರ್ಷಗಳ ಸಂಚಿಕೆಗಳನ್ನು ಕಾಪಿಟ್ಟಿದ್ದ ತಂತ್ರಾಂಶದ ಕಂಪನಿ ಬಾಗಿಲು ಹಾಕಿದ ಮೇಲೆ ಆ ಕಡತಗಳು ತೆರೆಯದಾದವು. ಮುದ್ರಿತ ಪ್ರತಿಗಳಿಂದ ಅವನ್ನು ಮರಳಿ ಟೈಪ್ ಮಾಡುವ ಕೆಲಸ ಇನ್ನೂ ಮುಗಿದಿಲ್ಲ. ಆಗಿನಿಂದ ಪ್ರತಿ ಸಂಚಿಕೆಯ ಪಠ್ಯವನ್ನೂ, 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿರುವ ಓಡಿಎಫ್ ಎಂಬ ಮುಕ್ತ ಕಡತ ನಮೂನೆಯಲ್ಲಿ ಉಳಿಸುತ್ತಿದ್ದೇವೆ.

ಚಂದಾದಾರರ ಪಟ್ಟಿ, ಎಂದರೆ ತಮ್ಮ ಹೆಸರು ವಿಳಾಸಗಳೂ, ಹೊರಗಿನ ಸಂಸ್ಥೆಯೊಂದರ ಸರ್ವರಿನಲ್ಲಿದೆ. ತಮ್ಮ ಪತ್ರ ಓದಿದ ಮೇಲೆ ಅವರಿಗೆ ಬರೆದು, ನಮ್ಮ ಓದುಗರ ಯಾವ ಯಾವ ವಿವರಗಳನ್ನು ಇಟ್ಟುಕೊಂಡಿದ್ದೀರಿ, ಅವನ್ನು ಯಾರು ಯಾರು ನೋಡಬಹುದು, ಒಪ್ಪಂದ ಮುಗಿದ ದಿನ ಏನು ಮಾಡುತ್ತೀರಿ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದ ಸಂಚಿಕೆಯಲ್ಲೇ ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ. ಎರಡು ತಿಂಗಳಲ್ಲಿ ಬಾರದಿದ್ದರೆ ಅದನ್ನೂ ತಿಳಿಸುತ್ತೇನೆ.

– ಸಂಪಾದಕ